ಶ್ರುತಿ ಹಿಡಿದು ಕೂತವರು: ಶಿವಮೊಗ್ಗ–ಭದ್ರಾವತಿಯ ಶಾಲಾ ಸಂಗೀತದ ಒಂದು ಚರಿತ್ರೆ

ಯಾವುದೇ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ದೈಹಿಕ ಶಿಕ್ಷಣ, ಸಮಾಜೋಪಯೋಗಿ ಉತ್ಪಾದಕ ಕಾರ್ಯ, ಎಲ್ಲಕ್ಕೂ ಒಂದೊಂದು ಖಾನೆ ಇರುತ್ತದೆ. ಸಂಗೀತದ ಖಾನೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ಆ ಶಾಲೆಯಲ್ಲಿ ಹಾಡಿಲ್ಲವೇ? ಬೆಳಗಿನ ಗಂಟೆ ಬಾರಿಸಿದ ಕೂಡಲೇ ಪ್ರಾರ್ಥನೆ, ನಾಡಗೀತೆ. ಮಧ್ಯೆ ರೈತಗೀತೆ, ಕೊನೆಗೆ ರಾಷ್ಟ್ರಗೀತೆ. ಆಗಸ್ಟ್ ತಿಂಗಳು ಹತ್ತಿರ ಬಂತೆಂದರೆ ಶಿಕ್ಷಕರ ಸಭೆಯಲ್ಲಿ ತಪ್ಪದೆ ಏಳುವ ಪ್ರಶ್ನೆ ಒಂದೇ: ‘ನಿಮ್ಮಲ್ಲಿ ಹಾಡು ಬರೋರು ಯಾರ್ರೀ?’

ಹಾಗೆ ಕೈಯೆತ್ತಿದ ಮೇಷ್ಟ್ರು, ಹಾಗೆ ಸಿಕ್ಕಿಬಿದ್ದ ಮೇಡಂ ನಮ್ಮ ಶಾಲೆಗಳ ಸಂಗೀತ ವಿಭಾಗ. ಅವರು ಗಣಿತದವರಿರಬಹುದು, ಹಿಂದಿಯವರಿರಬಹುದು. ನೇಮಕಾತಿ ಆದೇಶದಲ್ಲಿ ಹಾಡಿನ ಮಾತಿರುವುದಿಲ್ಲ. ಹಾಗಾದರೆ ಅವರಿಗೆ ಹಾಡು ಬಂದದ್ದು ಎಲ್ಲಿಂದ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಎರಡು ಊರುಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಒಂದು ತುಂಗೆಯ ದಡದ ಶಿವಮೊಗ್ಗ, ಇನ್ನೊಂದು ಭದ್ರೆಯ ದಡದ ಭದ್ರಾವತಿ. ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್. ಎರಡೂ ನದಿ ಕೂಡಲಿಯಲ್ಲಿ ಒಂದಾಗುವ ಹಾಗೆ, ಈ ಎರಡು ಊರುಗಳ ಸಂಗೀತಶಿಕ್ಷಣವೂ ಶಾಲೆಯ ಹೊರಗೆ ಎಲ್ಲೋ ಸೇರಿ, ಆಮೇಲೆ ಶಾಲೆಯೊಳಕ್ಕೆ ಹರಿದಿದೆ. ಭದ್ರಾವತಿ ಆಕಾಶವಾಣಿಗೆ ಅರವತ್ತು ವರ್ಷ ದಾಟಿದ ಈ ಹೊತ್ತಿನಲ್ಲಿ ಆ ಹರಿವಿನ ಜಾಡನ್ನು ಒಮ್ಮೆ ಹಿಡಿದು ನೋಡಬೇಕು ಅನ್ನಿಸುತ್ತದೆ.

ಪಾಠಕ್ರಮ ಬರೆದವರು

ಸಂಗೀತಕ್ಕೆ ಪಠ್ಯಕ್ರಮ ಬೇಕು, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಕಟ್ಟಬೇಕು ಎಂಬ ಯೋಚನೆ ಶಿಕ್ಷಣ ಇಲಾಖೆಯದಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಕರ್ನಾಟಕ ಸಂಗೀತದ ಪರಂಪರೆ ನಂಬಿಕೊಂಡು ಬಂದಿದೆ. ‘ಸಂಗೀತ ಪಿತಾಮಹ’ ಎಂಬ ಬಿರುದು ಅವರಿಗೆ ಬಂದದ್ದು ಕೀರ್ತನೆಗಳಿಂದ ಎಷ್ಟೋ, ಈ ಬಾಲಪಾಠದಿಂದಲೂ ಅಷ್ಟೇ. ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗ. ಅದರ ಪೂರ್ವಾರ್ಧ ಹೇಗೋ ಉತ್ತರಾರ್ಧವೂ ಹಾಗೆಯೇ. ಸ ರಿ ಗ ಮ ಹಾಡಿದ ಮಗು ಅದೇ ಅಂತರಗಳನ್ನು ಪ ದ ನಿ ಸ ದಲ್ಲಿ ಮತ್ತೆ ಕಾಣುತ್ತದೆ. ಒಂದು ಕಲಿತರೆ ಎರಡು ಬಂದಂತೆ. ಮೊದಲ ಗೀತೆಗಳಿಗೆ ಮಲಹರಿ, ಅದು ಅದೇ ಮೇಳದ ಕೂಸು. ಮಗುವಿನ ಗಂಟಲಿಗೆ ಆಘಾತವಾಗದಂತೆ ಹೊಸದನ್ನು ಹಳೆಯದರ ಪಕ್ಕದಲ್ಲೇ ಕೂರಿಸುವ ಜಾಣತನ ಇದು.

ದಾಸರು ಹುಟ್ಟಿದ್ದು ಪುಣೆಯ ಬಳಿಯ ಪುರಂದರಗಡದಲ್ಲಿ ಎಂಬುದು ಬಹುಕಾಲದ ನಂಬಿಕೆ. 2018ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ರಚಿಸಿದ ತಜ್ಞರ ಸಮಿತಿ, ಅವರ ಮೂಲ ತೀರ್ಥಹಳ್ಳಿ ತಾಲ್ಲೂಕಿನ ಆರಗ ಸೀಮೆಯದೆಂಬ ವಾದಕ್ಕೆ ಬಲ ಕೊಟ್ಟಿತು. ಚರ್ಚೆ ಅಲ್ಲಿಗೆ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಜಿಲ್ಲೆಯ ಜನ ಆ ಸುದ್ದಿಗೆ ಹಿಗ್ಗಿದರಲ್ಲ, ಆ ಹಿಗ್ಗಿಗೆ ಒಂದು ಹೊಣೆಯೂ ಅಂಟಿಕೊಂಡಿದೆ. ಬಾಲಪಾಠದ ಗುರು ನಮ್ಮವರು ಎನ್ನುವವರು ನಮ್ಮ ಬಾಲಕರಿಗೆ ಆ ಪಾಠ ಸಿಕ್ಕಿದೆಯೇ ಎಂದೂ ಕೇಳಿಕೊಳ್ಳಬೇಕು.

ಜಗತ್ತಿನ ಇನ್ನೊಂದು ಮೂಲೆಯ ಮಾತು ಇಲ್ಲಿ ನೆನಪಾಗುತ್ತದೆ. ಹಂಗೇರಿಯ ಸಂಯೋಜಕ ಜೋಲ್ತಾನ್ ಕೊದಾಯ್, ಓದುಬರಹದಷ್ಟೇ ಸಹಜವಾಗಿ ಪ್ರತಿ ಮಗುವಿಗೂ ಹಾಡು ಕಲಿಸಬೇಕೆಂದು ಹಟ ಹಿಡಿದ. ಅವನ ವಿಚಾರದಂತೆ 1950ರಲ್ಲಿ ಅವನ ಹುಟ್ಟೂರು ಕೆಚ್‌ಕೆಮೇತ್‌ನಲ್ಲಿ ಸಂಗೀತವೇ ಮುಖ್ಯವಾದ ಪ್ರಾಥಮಿಕ ಶಾಲೆಯೊಂದು ಶುರುವಾಯಿತು. ಆಧಾರಸ್ವರವನ್ನು ಯಾವ ಶ್ರುತಿಯಲ್ಲಿ ಬೇಕಾದರೂ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವ ಅವನ ಪದ್ಧತಿ ನಮ್ಮ ಸರಿಗಮದ ಮಕ್ಕಳಿಗೆ ಹೊಸದೇನಲ್ಲ. ಅಲ್ಲಿ ಪದ್ಧತಿ ಶಾಲೆಯೊಳಕ್ಕೆ ಬಂತು, ಇಲ್ಲಿ ಶಾಲೆಯ ಹೊರಗೇ ಉಳಿಯಿತು. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಹೊಸಹಳ್ಳಿಯ ಏಳು ಮಾತ್ರೆ

ಶಿವಮೊಗ್ಗ ಪಟ್ಟಣದಿಂದ ತುಂಗೆಯ ದಡ ಹಿಡಿದು ಸ್ವಲ್ಪ ದೂರ ಹೋದರೆ ಮತ್ತೂರು–ಹೊಸಹಳ್ಳಿ ಎಂಬ ಅವಳಿ ಗ್ರಾಮಗಳು. ಮತ್ತೂರು ಸಂಸ್ಕೃತಕ್ಕೆ ಹೆಸರಾಯಿತು, ಹೊಸಹಳ್ಳಿ ಗಮಕಕ್ಕೆ. ಕಾವ್ಯವನ್ನು ರಾಗವಾಗಿ ಓದುವವರು ಒಬ್ಬರು, ಅದರ ಅರ್ಥ ಬಿಡಿಸುವವರು ಇನ್ನೊಬ್ಬರು: ಇದು ಗಮಕದ ಕಟ್ಟು. ಇಲ್ಲಿ ರಾಗ ಮೆರೆಯುವುದಿಲ್ಲ, ಪದ ಮೆರೆಯುತ್ತದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಒಂದಿಡೀ ಬದುಕನ್ನು ಇದಕ್ಕೇ ಕೊಟ್ಟವರು; ಹಾಡಿದ್ದಲ್ಲದೆ ಬಂದವರಿಗೆಲ್ಲ ಕಲಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ವ್ಯಾಖ್ಯಾನಕ್ಕೆ ಹೆಸರಾದ ಮತ್ತೂರು ಕೃಷ್ಣಮೂರ್ತಿ ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ವರ್ಷಗಟ್ಟಲೆ ನಡೆಸಿ, ಕುಮಾರವ್ಯಾಸನ ಭಾರತವನ್ನು ಊರೂರಿಗೆ ಕೊಂಡೊಯ್ದರು.

ಶಾಲೆಯ ಸಂಗೀತದ ಮಾತಿನಲ್ಲಿ ಗಮಕವೇಕೆ? ಏಕೆಂದರೆ ನಮ್ಮ ಪ್ರೌಢಶಾಲೆಗಳ ಬಹುಪಾಲು ಮಕ್ಕಳಿಗೆ ಲಯಕ್ಕೆ ಅಂಕ ಸಿಗುವುದು ಒಂದೇ ಕಡೆ, ಕನ್ನಡ ಪ್ರಶ್ನೆಪತ್ರಿಕೆಯ ಛಂದಸ್ಸಿನಲ್ಲಿ. ಹತ್ತನೇ ತರಗತಿಯ ಮಕ್ಕಳು ಕುಮಾರವ್ಯಾಸನ ಷಟ್ಪದಿಯನ್ನೂ ಲಕ್ಷ್ಮೀಶನ ಷಟ್ಪದಿಯನ್ನೂ ಓದುತ್ತಾರೆ, ಪ್ರಸ್ತಾರ ಹಾಕುತ್ತಾರೆ, ಗಣ ವಿಭಾಗಿಸುತ್ತಾರೆ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು. ಒಂದು ಪದ್ಯಕ್ಕೆ ಒಟ್ಟು 102 ಮಾತ್ರೆ. ವಾರ್ಧಕದಲ್ಲಿ ಐದೈದರ ಗಣ. ಬಹಳಷ್ಟು ತರಗತಿಗಳಲ್ಲಿ ಇದು ಬೋರ್ಡಿನ ಮೇಲಿನ ಅಡ್ಡಗೆರೆ, ಅರ್ಧಚಂದ್ರಗಳ ಲೆಕ್ಕ ಮಾತ್ರ. ಅದನ್ನೇ ಗಮಕ ಬಲ್ಲ ಮೇಷ್ಟ್ರೊಬ್ಬರು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರೆ? ಮೂರು ನಾಲ್ಕು ಸೇರಿದ ಏಳರ ನಡೆ ಮಿಶ್ರಛಾಪು. ಐದರ ನಡೆ ಖಂಡಛಾಪು. ಮಗುವಿಗೆ ಗೊತ್ತಿಲ್ಲದೆಯೇ ತಾಳದ ಪಾಠ ಆಗಿಹೋಗುತ್ತದೆ. ಮಿಶ್ರಛಾಪು ಎಂಬ ಹೆಸರು ಹೇಳದಿದ್ದರೂ ನಡೆಯುತ್ತದೆ, ಬೆರಳಿಗೆ ಏಳು ಗೊತ್ತಾದರೆ ಸಾಕು.

ಶಿವಮೊಗ್ಗ ಸೀಮೆಯ ಕನ್ನಡ ಮೇಷ್ಟ್ರುಗಳ ಅದೃಷ್ಟವೆಂದರೆ ಈ ಕಲೆ ಅವರಿಗೆ ಪುಸ್ತಕದ ಸಂಗತಿಯಾಗಿರಲಿಲ್ಲ. 1930ರಲ್ಲಿ ಶುರುವಾದ ಶಿವಮೊಗ್ಗದ ಕರ್ನಾಟಕ ಸಂಘದಂಥ ಸಾಹಿತ್ಯದ ಅಂಗಳಗಳು ಊರಿನಲ್ಲೇ ಇದ್ದವು. ಗಮಕದ ಊರು ಕೂಗಳತೆಯ ದೂರದಲ್ಲಿತ್ತು. ದನಿಯೆತ್ತಿ ಪದ್ಯ ಓದುವ ಕನ್ನಡ ಮೇಷ್ಟ್ರು ಆ ಶಾಲೆಯ ಅಘೋಷಿತ ಸಂಗೀತ ಶಿಕ್ಷಕ. ಅವರ ಪೀರಿಯಡ್ ವೇಳಾಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿತ್ತು, ಅಷ್ಟೆ.

ಕಬ್ಬಿಣದ ಊರಿಗೆ ಬಂದ ಆಕಾಶವಾಣಿ

ಭದ್ರಾವತಿಯ ಕಥೆಯೇ ಬೇರೆ. ಬೆಂಕಿಪುರ ಎಂದು ಕರೆಯುತ್ತಿದ್ದ ಸಣ್ಣ ಊರು 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ ಜಾಗ ಕೊಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಆ ಕುಲುಮೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆ ಎಂಪಿಎಂ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ಕನ್ನಡದವರ ಜೊತೆ ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಕ್ವಾರ್ಟರ್ಸ್ ಸಾಲುಗಳು ಎದ್ದವು. ಮಾತು ಬೇರೆಯಾದರೂ ಸರಿಗಮ ಒಂದೇ. ತಿಂಗಳಿಗೆ ಗೊತ್ತಾದ ಸಂಬಳ ಬರುವ ಮನೆಯಲ್ಲಿ ಮಕ್ಕಳಿಗೆ ‘ಪಾಠ ಹೇಳಿಸುವ’ ಆಸೆ ಹುಟ್ಟುವುದು ಸಹಜ. ಸಂಗೀತ ಮೇಷ್ಟ್ರಿಗೆ ಬೇಕಾದದ್ದೂ ಅದೇ, ತಿಂಗಳು ತಿಂಗಳು ತಪ್ಪದೆ ಫೀಸು ಕೊಡಬಲ್ಲ ಹತ್ತು ಮನೆ.

ಈ ಊರಿಗೆ 1965ರ ಫೆಬ್ರುವರಿ 7ರಂದು ಆಕಾಶವಾಣಿ ನಿಲಯ ಬಂತು. ಆ ಹೆಸರಿಗೆ ಕನ್ನಡ ನಾಡಿನಲ್ಲಿ ಅದಾಗಲೇ ಮೂವತ್ತು ವರ್ಷದ ವಯಸ್ಸು. ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ನಿಲಯ ತೆರೆದು ‘ಆಕಾಶವಾಣಿ’ ಎಂದು ಕರೆದಿದ್ದರು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಹತ್ತು ವರ್ಷಕ್ಕೆ ಭದ್ರಾವತಿ. ಮಲೆನಾಡಿನ ರೇಡಿಯೋ ಪೆಟ್ಟಿಗೆಗಳಲ್ಲಿ ಮುಳ್ಳು 675 ಕಿಲೋಹರ್ಟ್ಸ್‌ಗೆ ಬಂದು ನಿಂತಿತು.

ರೇಡಿಯೋ ಹಾಡು ಕೇಳಿಸಿತು ಎನ್ನುವುದು ಎಲ್ಲರಿಗೂ ಗೊತ್ತು. ಅದು ಸಂಗೀತ ಶಿಕ್ಷಕರಿಗೆ ಏನು ಮಾಡಿತು ಎನ್ನುವುದು ಅಷ್ಟಾಗಿ ದಾಖಲಾಗಿಲ್ಲ. ಮೊದಲನೆಯದು, ಆಡಿಷನ್. 1950ರ ದಶಕದಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಗಟ್ಟಿಯಾದ ಪದ್ಧತಿ ಇದು. ಕಲಾವಿದ ಯಾರ ಮಗ, ಯಾರ ಶಿಷ್ಯ ಎಂಬುದಕ್ಕಿಂತ ದನಿ ಹೇಗಿದೆ ಎಂಬುದರ ಮೇಲೆ ಶ್ರೇಣಿ: ಬಿ, ಬಿ ಹೈ, ಎ, ಟಾಪ್. ಅದಕ್ಕೆ ಮುಂಚೆ ಸಂಗೀತ ಮೇಷ್ಟ್ರ ಯೋಗ್ಯತೆಗೆ ಊರಿನವರ ಬಾಯಿಮಾತೇ ಪ್ರಮಾಣ. ಆಡಿಷನ್ ಪಾಸಾದರೆ ಹಾಗಲ್ಲ. ‘ನಮ್ಮ ಮಗಳು ರೇಡಿಯೋ ಆರ್ಟಿಸ್ಟ್ ಹತ್ತಿರ ಪಾಠಕ್ಕೆ ಹೋಗ್ತಾಳೆ’ ಎನ್ನುವ ಮಾತಿಗೆ ಬೀದಿಯಲ್ಲಿ ತೂಕ ಬಂತು. ಒಂದು ಕಾರ್ಯಕ್ರಮಕ್ಕೆ ಸಿಗುವ ಸಂಭಾವನೆಗಿಂತ ಆ ಶ್ರೇಣಿ ತರುವ ಶಿಷ್ಯರು ಹೆಚ್ಚು. ಬೆಂಗಳೂರಿಗೋ ಮೈಸೂರಿಗೋ ಹೊರಡಬೇಕಾದ ವಿದ್ವಾಂಸರು ಈ ಕಾರಣಕ್ಕೆ ಇಲ್ಲೇ ಉಳಿಯಬಹುದಾಯಿತು. ಹೊಸಹಳ್ಳಿಯ ಹೆಸರನ್ನು ಪಿಟೀಲಿನಲ್ಲಿ ನಾಡಿಗೆಲ್ಲ ಮುಟ್ಟಿಸಿದ ಹೊಸಹಳ್ಳಿ ವೆಂಕಟರಾಂ ಈ ನೆಲದವರೇ.

ಎರಡನೆಯದು, ಹುದ್ದೆ. ಆಕಾಶವಾಣಿ ನಿಲಯಗಳಲ್ಲಿ ಪಿಟೀಲು, ಮೃದಂಗ, ವೀಣೆ, ತಬಲ ನುಡಿಸುವವರಿಗೆ ನಿಲಯದ ಕಲಾವಿದರೆಂಬ ಸಂಬಳದ ಕೆಲಸ ಇತ್ತು. ತಂಬೂರ ಹಿಡಿಯುವವರಿಗೂ ಇತ್ತು. ಇಂಥ ಕಲಾವಿದ ಒಂದು ಊರಿನಲ್ಲಿ ಮನೆ ಮಾಡಿದನೆಂದರೆ ಸಂಜೆ ಐದಕ್ಕೆ ಆ ಮನೆಯ ಜಗಲಿ ಒಂದು ಶಾಲೆ. ಹಗಲು ಸರ್ಕಾರಕ್ಕೆ ನುಡಿಸಿದ ಕೈ ಸಂಜೆ ಮಕ್ಕಳ ತೊಡೆಯ ಮೇಲೆ ತಾಳ ತಿದ್ದುತ್ತದೆ. ಕಬ್ಬಿಣದ ಕಾರ್ಖಾನೆ ಊರಿಗೆ ಕಮ್ಮಾರರನ್ನು ತಂದ ಹಾಗೆ, ರೇಡಿಯೋ ನಿಲಯ ಊರಿಗೆ ಗುರುಗಳನ್ನು ತಂದಿತು.

ಒಂದು ಅಸಮಾಧಾನವನ್ನೂ ಹೇಳಬೇಕು. ಶಾಲೆಗಳಿಗೂ ಕಂಪನಿ ನಾಟಕಗಳಿಗೂ ಆಪ್ತವಾದ ವಾದ್ಯ ಹಾರ್ಮೋನಿಯಂ. ನಮ್ಮ ಸ್ವರಗಳ ಬಾಗು ಬಳುಕು ಅದರ ಮನೆಗಳಲ್ಲಿ ಹಿಡಿಯುವುದಿಲ್ಲ ಎಂಬ ವಾದದಿಂದ 1940ರಲ್ಲಿ ರೇಡಿಯೋ ಅದಕ್ಕೆ ಬಾಗಿಲು ಹಾಕಿತ್ತು. ಆ ಬಾಗಿಲು ತುಸು ತೆರೆದದ್ದು 1971ರಲ್ಲಿ. ಭದ್ರಾವತಿ ನಿಲಯದ ಮೊದಲ ವರ್ಷಗಳಲ್ಲಿ, ಶಾಲೆಯ ವಾರ್ಷಿಕೋತ್ಸವವನ್ನು ಹಾರ್ಮೋನಿಯಂ ಮೇಲೆ ನಡೆಸಿಕೊಡುವ ಮೇಷ್ಟ್ರ ವಾದ್ಯಕ್ಕೆ ಸ್ಟುಡಿಯೋದಲ್ಲಿ ಜಾಗ ಇರಲಿಲ್ಲ. ಶಾಸ್ತ್ರದ ದೃಷ್ಟಿಗೆ ಕಂಡ ಕೊರತೆ, ಶಾಲೆಯ ದೃಷ್ಟಿಗೆ ಅನುಕೂಲ: ಅರವತ್ತು ಮಕ್ಕಳನ್ನು ಒಂದೇ ಶ್ರುತಿಯಲ್ಲಿ ನಿಲ್ಲಿಸಲು ಅದಕ್ಕಿಂತ ಗಟ್ಟಿ ದನಿಯ ಅಗ್ಗದ ವಾದ್ಯ ಬೇರೊಂದಿಲ್ಲ.

ರೇಡಿಯೋ ನೇರವಾಗಿಯೂ ಪಾಠ ಹೇಳಿತು. ಬೆಂಗಳೂರು ನಿಲಯದಿಂದ ಆರ್.ಕೆ. ಶ್ರೀಕಂಠನ್ ನಡೆಸಿಕೊಟ್ಟ ‘ಗಾನವಿಹಾರ’ ಸಂಗೀತಪಾಠಗಳು ನಾಡಿನ ಮನೆಮನೆಗೆ ಗುರುವನ್ನು ಕಳಿಸಿದವು. ಈ ಶತಮಾನದ ಆರಂಭದಲ್ಲಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ರೂಪಿಸಿದ ‘ಚುಕ್ಕಿ ಚಿನ್ನ’, ‘ಚಿನ್ನರ ಚುಕ್ಕಿ’, ಆಮೇಲಿನ ‘ಕೇಳಿ ಕಲಿ’ ಬಾನುಲಿ ಪಾಠಗಳು ರಾಜ್ಯದ ಆಕಾಶವಾಣಿ ನಿಲಯಗಳಿಂದ ತರಗತಿಯೊಳಕ್ಕೇ ಬಂದವು. ಗಣಿತ, ಪರಿಸರ, ಇಂಗ್ಲಿಷ್ ಪಾಠಗಳ ನಡುವೆ ಹಾಡು ಬರುತ್ತಿತ್ತು. ಮಕ್ಕಳು ಎದ್ದು ನಿಂತು ರೇಡಿಯೋದ ಜೊತೆ ಹಾಡುತ್ತಿದ್ದರು. ಕಲಿಸಬೇಕಾದದ್ದು ಕೂಡುವ ಲೆಕ್ಕವೇ ಇರಲಿ, ಹಾಡಿನಲ್ಲಿ ಕಲಿಸಿದರೆ ನಿಲ್ಲುತ್ತದೆ ಎಂಬುದನ್ನು ಇಲಾಖೆಯೇ ಒಪ್ಪಿಕೊಂಡಂತಾಯಿತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತು ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ–ಕಲಿ ಬೋಧನಾ ಪದ್ಧತಿಯೂ ಅದನ್ನೇ ಹೇಳಿತು. ಒಂದರಿಂದ ಮೂರನೇ ತರಗತಿಯ ಟೀಚರ್ ಇವತ್ತು ದಿನಕ್ಕೆ ನಾಲ್ಕಾರು ಹಾಡು ಹಾಡುತ್ತಾರೆ. ಅವರಿಗೆ ಶ್ರುತಿ ಎಂದರೇನೆಂದು ಒಂದು ದಿನವಾದರೂ ಕೂರಿಸಿ ಹೇಳಿಕೊಟ್ಟವರು ಎಷ್ಟು?

ಜಗಲಿಯ ಶಾಲೆ, ಬೋರ್ಡಿನ ಪರೀಕ್ಷೆ

ಶಾಲೆ ಬಿಟ್ಟ ಮೇಲೆ ಶುರುವಾಗುವ ಇನ್ನೊಂದು ಶಾಲೆಗೆ ಬೋರ್ಡಿಲ್ಲ, ಬೆಲ್ಲಿಲ್ಲ. ಚಾಪೆ, ಶ್ರುತಿಪೆಟ್ಟಿಗೆ, ಬಾಗಿಲ ಬಳಿ ಬಿಟ್ಟ ಎಂಟು ಜೊತೆ ಪುಟ್ಟ ಚಪ್ಪಲಿ. ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ, ಭದ್ರಾವತಿಯ ನ್ಯೂಟೌನ್, ಪೇಪರ್‌ಟೌನ್ ಕಡೆ ಇಂಥ ಜಗಲಿಗಳು ತಲೆಮಾರುಗಳನ್ನು ತಯಾರು ಮಾಡಿವೆ. ಕೆಲವು ಬೆಳೆದು ಶಿವಮೊಗ್ಗದ ಗುರುಗುಹ ಸಂಗೀತ ಮಹಾವಿದ್ಯಾಲಯದಂತೆ ಹೆಸರುಳ್ಳ ಸಂಸ್ಥೆಗಳಾದವು. ಹೆಚ್ಚಿನವು ಹೇಳಿಕೊಟ್ಟ ಟೀಚರ ಹೆಸರಿನಲ್ಲೇ ಉಳಿದವು. ಕಲಿಸುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಮನೆಗೆಲಸ ಮುಗಿಸಿ, ರಾತ್ರಿಯ ಅಡುಗೆಗೆ ಕೂರುವ ಮುಂಚಿನ ಎರಡು ಗಂಟೆಯಲ್ಲಿ ಅವರು ಒಂದು ಕಲೆಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಾರೆ. ಒಕ್ಕೂಟವಿಲ್ಲ, ನಿವೃತ್ತಿವೇತನವಿಲ್ಲ, ರಜೆಯ ಸಂಬಳವಿಲ್ಲ. ಪರೀಕ್ಷೆ ತಿಂಗಳಲ್ಲಿ ಮಕ್ಕಳು ಪಾಠ ನಿಲ್ಲಿಸಿದರೆ ಆ ತಿಂಗಳ ಆದಾಯವೂ ನಿಂತಂತೆ.

ಈ ಚದುರಿದ ಜಗಲಿಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದ್ದು ಪರೀಕ್ಷೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಹುಕಾಲ ನಡೆಸಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯೇ. ಗಾಯನ, ವಾದ್ಯ, ತಾಳವಾದ್ಯ, ನೃತ್ಯ, ಕರ್ನಾಟಕ, ಹಿಂದೂಸ್ತಾನಿ ಎಲ್ಲಕ್ಕೂ ಶಾಸ್ತ್ರದ ಪರೀಕ್ಷೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ. ಈಚೆಗೆ ಈ ಹೊಣೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಹೋಗಿದೆ. ‘ಈ ಸಲ ಜೂನಿಯರ್ ಕಟ್ಟಿಸ್ತೀನಿ’ ಎಂದು ಟೀಚರ್ ಹೇಳಿದರೆ ಮನೆಯವರಿಗೆ ಒಂದು ಭರವಸೆ, ಮಗುವಿಗೆ ಒಂದು ಗುರಿ. ಪರೀಕ್ಷೆಗಾಗಿ ಕಲಿಯುವುದು ಸಂಗೀತವೇ ಎಂದು ಮೂಗು ಮುರಿಯುವವರು ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ: ಒಂದೇ ವರ್ಣವನ್ನು ಆರು ತಿಂಗಳು ಉರುಹೊಡೆದು ಮರೆತ ಮಕ್ಕಳನ್ನು ಎಲ್ಲರೂ ಕಂಡಿದ್ದೇವೆ. ಆದರೆ ಸಣ್ಣ ಊರಿನ ಅಧ್ಯಾಪಕಿಗೆ ಸರ್ಕಾರದ ಮುದ್ರೆಯ ಆ ಪ್ರಮಾಣಪತ್ರವೇ ಬೆನ್ನೆಲುಬು. ತಾನು ಕಲಿಸಿದ್ದು ಹವ್ಯಾಸವಲ್ಲ, ವಿದ್ಯೆ ಎನ್ನಲು ಅವಳ ಬಳಿ ಇದ್ದ ಸಾಕ್ಷಿ ಅದೊಂದೇ.

ಶಿವಮೊಗ್ಗ ಸಂಗೀತದ ನಕ್ಷೆಯಲ್ಲಿ ಒಂದು ಬಗೆಯ ಗಡಿನಾಡು. ತೆಂಕಣದಿಂದ ಮೈಸೂರಿನ ಕರ್ನಾಟಕ ಪದ್ಧತಿ ಬರುತ್ತದೆ, ಬಡಗಣದಿಂದ ಧಾರವಾಡ–ಗದುಗಿನ ಹಿಂದೂಸ್ತಾನಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕೊಟ್ಟು, ಅವರನ್ನು ಊರೂರಿನ ಸಂಗೀತ ಮೇಷ್ಟ್ರುಗಳನ್ನಾಗಿ ಮಾಡಿದ್ದು ಇಡೀ ನಾಡಿನ ದೊಡ್ಡ ಶಿಕ್ಷಕ ತರಬೇತಿ. ಎಸ್ಸೆಸ್ಸೆಲ್ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಒಂದು ವಿಷಯದ ಬದಲಿಗೆ ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತ ಬರೆಯಬಹುದು. ಕಣ್ಣಿದ್ದವರ ಪಾಲಿಗೆ ಪಠ್ಯೇತರವಾದದ್ದು ಕಣ್ಣಿಲ್ಲದವರ ಪಾಲಿಗೆ ಪಠ್ಯವೇ ಆದದ್ದು ಹೀಗೆ.

ಈ ಜಗಲಿಗಳ ಕೆಲಸವನ್ನು ಹಗುರ ಮಾಡಿದ ಒಂದು ಯಂತ್ರವನ್ನೂ ನೆನೆಯಬೇಕು. ತಂಬೂರ ದುಬಾರಿ, ಸಾಗಿಸಲು ಕಷ್ಟ, ಮಳೆಗಾಲದ ತೇವಕ್ಕೆ ಶ್ರುತಿ ನಿಲ್ಲದು. ತಿದಿಯ ಶ್ರುತಿಪೆಟ್ಟಿಗೆಗೆ ಒಂದು ಕೈ ಮೀಸಲು. 1979ರಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರ ಟೀಚರ ಆ ಕೈಯನ್ನು ಬಿಡಿಸಿತು. ಆ ಕೈ ಈಗ ತಾಳ ಹಾಕಿತು.

ಹುದ್ದೆ ಇರುವಲ್ಲಿ, ಇಲ್ಲದಲ್ಲಿ

ಶಿವಮೊಗ್ಗದ ಕೇಂದ್ರೀಯ ವಿದ್ಯಾಲಯದ ಮಗುವಿಗೂ ಪಕ್ಕದ ಬೀದಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೂ ಸಂಗೀತದ ವಿಷಯದಲ್ಲಿ ಒಂದು ಸರಳ ವ್ಯತ್ಯಾಸವಿದೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ವಿಭಾಗದಲ್ಲಿ ಸಂಗೀತ ಶಿಕ್ಷಕರದೊಂದು ಹುದ್ದೆಯೇ ಉಂಟು. ಗಾಜನೂರಿನ ಜವಾಹರ್ ನವೋದಯ ವಿದ್ಯಾಲಯದಲ್ಲೂ ಹಾಗೆಯೇ: ನವೋದಯದ ಸಿಬ್ಬಂದಿ ಪಟ್ಟಿಯಲ್ಲಿ ಚಿತ್ರಕಲೆ, ದೈಹಿಕ ಶಿಕ್ಷಣದ ಜೊತೆ ಸಂಗೀತವೂ ಸೇರಿದೆ. ರಾಜ್ಯದ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಸಿಕ್ಕಿದ್ದು ಕೆಲವೇ ಪ್ರೌಢಶಾಲೆಗಳಿಗೆ. ಆ ಹುದ್ದೆಯಲ್ಲಿದ್ದ ಪುಣ್ಯವಂತರು ನಿವೃತ್ತರಾದರೆ ಆ ಕುರ್ಚಿ ಮತ್ತೆ ತುಂಬುವುದು ಅಪರೂಪ.

ಕಾನೂನು ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಆರರಿಂದ ಎಂಟನೇ ತರಗತಿಯ ಶಾಲೆಗಳಿಗೆ ಕಲಾಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಬೇಕೆನ್ನುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯನ್ನು ವಿಷಯವಾಗಿಯೇ ಕಲಿಸಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನು ಬೋಧಕರಾಗಿ ಶಾಲೆಗೆ ಕರೆಯಿರಿ ಎಂದಿತು. ಕಾಗದದ ಮೇಲೆ ಎಲ್ಲ ಸ್ವರಗಳೂ ಶುದ್ಧ. ಆದರೆ ‘ಕಲಾಶಿಕ್ಷಣ’ ಎಂಬ ಒಂದೇ ಚೀಲದೊಳಗೆ ಚಿತ್ರ, ನಾಟಕ, ನೃತ್ಯ, ಸಂಗೀತ ನಾಲ್ಕನ್ನೂ ಹಾಕಿದಾಗ ಕೈಗೆ ಮೊದಲು ಸಿಗುವುದು ಚಿತ್ರಕಲೆ. ಅದಕ್ಕೆ ಪರೀಕ್ಷೆ ಇಡಬಹುದು, ಹಾಳೆ ತೋರಿಸಬಹುದು. ಹಾಡಿದ್ದಕ್ಕೆ ಹಾಳೆ ಎಲ್ಲಿಂದ ತರುವುದು?

ಕಾರಂಜಿ ಮತ್ತು ನಾಡಗೀತೆ

ಶಾಲೆಯ ಸಂಗೀತಕ್ಕೆ ರಾಜ್ಯ ಸರ್ಕಾರ ಕೊಟ್ಟ ದೊಡ್ಡ ವೇದಿಕೆ ಪ್ರತಿಭಾ ಕಾರಂಜಿ. ಭಾವಗೀತೆ, ಭಕ್ತಿಗೀತೆ, ಜನಪದ ಗೀತೆ, ಕವ್ವಾಲಿ, ಕಂಠಪಾಠ, ಧಾರ್ಮಿಕ ಪಠಣ, ಕ್ಲಸ್ಟರ್‌ನಿಂದ ರಾಜ್ಯಮಟ್ಟದವರೆಗೆ. ಹಳ್ಳಿಯ ಮಗುವೊಂದು ಮೊದಲ ಸಲ ಮೈಕಿನ ಎದುರು ನಿಲ್ಲುವುದು ಇಲ್ಲೇ. ಅದರ ಬೆಲೆ ಕಡಿಮೆಯಲ್ಲ. ಆದರೆ ಕಾರಂಜಿಗೆ ನೀರು ಬರುವುದು ಎಲ್ಲಿಂದ ಎಂದು ನೋಡಿ: ಬಹುಮಾನ ಗೆದ್ದ ಮಗುವಿನ ಹಿಂದೆ ಸಾಮಾನ್ಯವಾಗಿ ಒಂದು ಜಗಲಿ ಇರುತ್ತದೆ, ಇಲ್ಲವೇ ಹಾಡು ಬರುವ ಒಬ್ಬ ಮೇಷ್ಟ್ರು. ಪಾಠಕ್ಕೆ ಹೋಗಲು ಫೀಸಿಲ್ಲದ ಮಗು ಯೂಟ್ಯೂಬ್ ಕೇಳಿ ಕಲಿತು ಬಂದಿರುತ್ತದೆ. ಅದು ಗೆಲ್ಲುವುದೂ ಉಂಟು. ಗೆದ್ದ ಮೇಲೆ ಮುಂದಿನ ಪಾಠ ಹೇಳುವವರಿಲ್ಲದೆ ಅಲ್ಲೇ ನಿಲ್ಲುವುದೂ ಉಂಟು. ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) 1982ರಿಂದ ಹತ್ತರಿಂದ ಹದಿನಾಲ್ಕು ವರ್ಷದ ಪ್ರತಿಭಾವಂತ ಮಕ್ಕಳಿಗೆ ಗುರುಗಳ ಬಳಿ ಕಲಿಯಲು ವಿದ್ಯಾರ್ಥಿವೇತನ ಕೊಡುತ್ತಿದೆ. ಅದರ ಅರ್ಜಿ ಎಷ್ಟು ಶಾಲೆಗಳ ನೋಟಿಸ್ ಬೋರ್ಡಿಗೆ ಬಂದಿದೆಯೋ!

ಕುವೆಂಪು ಈ ಜಿಲ್ಲೆಯವರು. ಅವರ ಗೀತೆ 2004ರ ಜನವರಿಯಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ಮಾತ್ರ ಹದಿನೆಂಟು ವರ್ಷ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡ್ ಎಂದು ಸರ್ಕಾರ ಗೊತ್ತುಮಾಡಿತು. ಆದೇಶ ಹೊರಡಿಸುವುದು ಸುಲಭ. ಪ್ರತಿ ಶಾಲೆಯ ಅಂಗಳದಲ್ಲಿ ಅದನ್ನು ಜಾರಿಗೆ ತರಬೇಕಾದವರು ಮತ್ತೆ ಆ ಹಾಡು ಬರುವ ಮೇಷ್ಟ್ರೇ. ಮೊಬೈಲಿನಲ್ಲಿ ಧ್ವನಿಮುದ್ರಿಕೆ ಹಾಕಿ, ಪಲ್ಲವಿ ಎಲ್ಲಿ ತಿರುಗಬೇಕು, ಉಸಿರು ಎಲ್ಲಿ ತೆಗೆಯಬೇಕು ಎಂದು ಬಿಸಿಲಿನಲ್ಲಿ ನಿಂತು ಕಲಿಸಿದವರು ಅವರು. ಕರ್ನಾಟಕದಲ್ಲಿ ಎಲ್ಲ ಮಕ್ಕಳಿಗೂ, ಜಾತಿ ಹಣ ನೋಡದೆ, ದಿನವೂ ಸಿಗುವ ಸಂಗೀತಪಾಠ ಯಾವುದೆಂದರೆ ಆ ಎರಡೂವರೆ ನಿಮಿಷ.

ಸುಗಮ ಸಂಗೀತಕ್ಕೂ ಶಿವಮೊಗ್ಗಕ್ಕೂ ನಂಟಿದೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ, ಶಿವಮೊಗ್ಗ ಸುಬ್ಬಣ್ಣನಾಗಿ ಊರಿನ ಹೆಸರನ್ನೇ ಹೊತ್ತು ತಿರುಗಿದರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಬಂದ 1978ರ ಸಾಲಿನ ರಾಷ್ಟ್ರಪ್ರಶಸ್ತಿ, ಕನ್ನಡಿಗ ಹಿನ್ನೆಲೆ ಗಾಯಕರೊಬ್ಬರಿಗೆ ಸಂದ ಮೊದಲನೆಯದು. ಹೊಸನಗರ ಕಡೆಯವರೇ ಆದ ಗರ್ತಿಕೆರೆ ರಾಘಣ್ಣ ಭಾವಗೀತೆಗೆ, ಜನಪದಕ್ಕೆ ಧಾಟಿ ಕಟ್ಟಿ ಹಾಡಿದರು. ಶಾಲಾ ವೇದಿಕೆಯ ಭಾವಗೀತೆ ಇಂಥವರ ದನಿಯ ಮರುದನಿ. ಶಾಸ್ತ್ರೀಯ ಸಂಗೀತ ಜಗಲಿಯಲ್ಲಿ ಉಳಿದರೆ, ಶಾಲೆಯ ಅಂಗಳಕ್ಕೆ ಇಳಿದದ್ದು ಸುಗಮ ಸಂಗೀತ.

ತಂಬೂರದವರ ಹೆಸರು

ಈಗ ಭದ್ರಾವತಿಯ ಕುಲುಮೆಯ ಬಿಸಿ ಇಳಿದಿದೆ. 2015ರ ಹೊತ್ತಿಗೆ ಎಂಪಿಎಂ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಹಳೆಯ ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ನಿರ್ಧಾರದ ಸುದ್ದಿ ಬಂದು ಕಾರ್ಮಿಕರು ಬೀದಿಗಿಳಿದರು. ಕ್ವಾರ್ಟರ್ಸ್ ಖಾಲಿಯಾದರೆ ಪಾಠಕ್ಕೆ ಬರುವ ಮಕ್ಕಳೂ ಕಡಿಮೆ. ಸಂಗೀತದ ಗುರು ಕೂಡ ಕಾರ್ಖಾನೆಯನ್ನು ನಂಬಿದ್ದಳು ಎಂಬುದು ಯಾವ ಮುಷ್ಕರದ ಮನವಿಯಲ್ಲೂ ಬರುವ ಮಾತಲ್ಲ. ಶಿವಮೊಗ್ಗ ಬೆಳೆಯುತ್ತಿದೆ, ಖಾಸಗಿ ಶಾಲೆಗಳು ಸಂಗೀತ ಶಿಕ್ಷಕರನ್ನು ನೇಮಿಸಿಕೊಳ್ಳುತ್ತಿವೆ, ಆದರೆ ವಾರಕ್ಕೆರಡು ದಿನದ ಗಂಟೆಯ ಲೆಕ್ಕದಲ್ಲಿ, ವಾರ್ಷಿಕೋತ್ಸವದ ಹೊತ್ತಿಗೆ ಹೆಚ್ಚಾಗಿ ಬಳಸಿಕೊಂಡು.

ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಪ್ರತಿ ಶಾಲೆಗೆ ಒಬ್ಬರು ಅಸಾಧ್ಯ ಎನ್ನುವುದಾದರೆ ಪ್ರತಿ ಕ್ಲಸ್ಟರಿಗೆ ಒಬ್ಬರು ಇರಲಿ. ವಾರಕ್ಕೊಂದು ದಿನ ಒಂದೊಂದು ಶಾಲೆ. ಸೀನಿಯರ್, ವಿದ್ವತ್ ಮುಗಿಸಿ ಮನೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳು ಈ ಎರಡು ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮರ್ಯಾದೆಯ ಗೌರವಧನ ಕೊಟ್ಟು ಶಾಲೆಗೆ ಕರೆಯಲಿ. ನಲಿ–ಕಲಿ ಟೀಚರುಗಳಿಗೆ ವರ್ಷಕ್ಕೆರಡು ದಿನ ಶ್ರುತಿ–ಲಯದ ತರಬೇತಿ ಇರಲಿ. ಕನ್ನಡ ಮೇಷ್ಟ್ರಿಗೆ ಗಮಕದ ಕಾರ್ಯಾಗಾರ ಹೊಸಹಳ್ಳಿಯಲ್ಲೇ ನಡೆಯಲಿ.

ಆಕಾಶವಾಣಿಯ ಕಛೇರಿ ಮುಗಿದಾಗ ಉದ್ಘೋಷಕರು ಹೆಸರುಗಳನ್ನು ಹೇಳುವ ಕ್ರಮ ನೆನಪಿದೆಯೇ? ಮೊದಲು ಗಾಯಕರು, ಆಮೇಲೆ ಪಿಟೀಲು, ಮೃದಂಗ, ಘಟ. ಕೊನೆಗೆ, ದನಿ ತಗ್ಗುತ್ತಾ ಬರುವಾಗ, ತಂಬೂರ. ಗಂಟೆಗಟ್ಟಲೆ ಒಂದೇ ಶ್ರುತಿ ಹಿಡಿದು ಹಿಂದೆ ಕೂತವರ ಹೆಸರನ್ನು ರೇಡಿಯೋ ಬಿಡಲಿಲ್ಲ, ಅವರಿಗೆ ಸಂಬಳವನ್ನೂ ಕೊಟ್ಟಿತು. ನಮ್ಮ ಶಾಲೆಗಳ ಶ್ರುತಿ ಹಿಡಿದು ಕೂತವರ ಹೆಸರು ಹಾಜರಿ ಪುಸ್ತಕದಲ್ಲಿ ಗಣಿತದ ಎದುರು ಇದೆ, ಹಿಂದಿಯ ಎದುರು ಇದೆ. ಜಗಲಿಯ ಟೀಚರ ಹೆಸರು ಎಲ್ಲಿಯೂ ಇಲ್ಲ. ವೇಳಾಪಟ್ಟಿಯಲ್ಲಿ ಒಂದು ಖಾನೆ ಬರೆದರೆ ಅದರ ಎದುರು ಆ ಹೆಸರನ್ನೂ ಬರೆಯಬಹುದು.